ನಾಯಿ ಹೇಳಿದ ಸಾಕ್ಷಿ

“ಊರಿನವರಲ್ಲದವರು ಊರಿನವರೆಂದು ಸುಳ್ಳು ಹೇಳಿ ಮಠದ ರಾಗಿ ಹೊತ್ತೊಯ್ದರೆ ಅವರನ್ನು ಹಿಡಿಯುವುದು ಹೇಗೆ ಗುರುಗಳೇ? ಏನು ದಂಡ ಹಾಕಬೇಕು?”

ಶಿಷ್ಯ ಕೇಳುತ್ತಲೇ ಅತ್ತಿಂದಿತ್ತ ನಡೆಯುತ್ತಿದ್ದ. ಮಠದ ಉಗ್ರಾಣ ಅವನ ಕೈಯಲ್ಲಿತ್ತು. ಆ ಬೆಳಿಗ್ಗೆ, ಮುಖ ಗುರುತಿಲ್ಲವೆಂದು ಒಬ್ಬ ಹೆಂಗಸನ್ನು ರಾಗಿಗೆ ಕೂತವರ ಸಾಲಿನಿಂದ ಎಬ್ಬಿಸಿ ಕಳಿಸಿದ್ದ. ಅವಳಿನ್ನೂ ಬಾಗಿಲಾಚೆಯೇ ಕೂತಿದ್ದಳು.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಬೇಸಿಗೆ ಬಂದರೆ ವಾಸವಿರುವ ಪ್ರತಿ ಮನೆಗೂ ಕಣಜದಿಂದ ಕಾಳು ಅಳೆದು ಕೊಡುವ ಕಟ್ಟಳೆ. ಸುಳ್ಳು ಮನೆ ತೋರಿಸಿ ಒಯ್ಯುವವರು ಹೆಚ್ಚಿದರು. ಗೌಡನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೊಂದು ಉಪಾಯ ಹೂಡಿದ. ಕೇರಿಗೊಂದು ನಾಯಿ ಇದ್ದೇ ಇರುತ್ತದೆ, ಕೇರಿಯವರಿಗೆ ಅದು ಬೊಗಳುವುದಿಲ್ಲ. ಬೊಗಳಿಸಿಕೊಂಡವರ ಹೆಸರನ್ನು ಕಾಳಿನ ಪಟ್ಟಿಯಿಂದ ಹೊಡೆದುಹಾಕಿ ಎಂದ.

ಪಕ್ಕದೂರಿನ ವ್ಯಾಪಾರಿಯೊಬ್ಬ ಅಲ್ಲಿ ಪಾಳು ಗುಡಿಸಲೊಂದಕ್ಕೆ ಬೀಗ ಜಡಿದು ನನ್ನ ಮನೆ ಎಂದಿದ್ದ. ಕಾಳು ಅಳೆಯುವುದಕ್ಕೆ ಎಂಟು ದಿನ ಮೊದಲೇ ಬಂದು ನಾಯಿಗೆ ರೊಟ್ಟಿ ಹಾಕಿದ. ನಾಯಿ ಬಾಲ ಅಲ್ಲಾಡಿಸಿತು. ಅವನ ಚೀಲ ತುಂಬಿತು.

ಅದೇ ಕೇರಿಯಲ್ಲಿ ಹುಟ್ಟಿ ಬೆಳೆದ ಬುಟ್ಟಿ ಹೆಣೆಯುವವಳು, ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ, ಆರು ತಿಂಗಳಿಗೆ ಮನೆಗೆ ಬಂದಳು. ನಾಯಿ ಬೊಗಳುತ್ತ ಮೈಮೇಲೇ ಹಾರಿತು. ಅವಳ ಹೆಸರು ಹೋಯಿತು.

ಮೊದಲ ಮಳೆಗೆ ಕೆರೆಯ ಏರಿ ಬಿರುಕುಬಿಟ್ಟಿತು. ಮನೆಗೊಂದು ಆಳು ಬರಬೇಕೆಂದು ಡಂಗುರ ಹೊಡೆದರು. ಬುಟ್ಟಿಯವಳು ಮಾರಲಿಟ್ಟ ಬುಟ್ಟಿಗಳನ್ನೆಲ್ಲ ಹೊತ್ತು ಓಡಿಬಂದು ಮಣ್ಣು ತುಂಬಿದಳು. ವ್ಯಾಪಾರಿ ಗಾಡಿ ಕಟ್ಟಿದ. ಗೌಡ ಅಡ್ಡ ನಿಂತ.

“ಎಲ್ಲಿಗಯ್ಯಾ ಸವಾರಿ?”

“ಮನೆಗೆ ಗೌಡ್ರೇ, ಮಳೆ ಜೋರಾಗೋ ಹಾಗಿದೆ.” ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಒಯ್ದದ್ದರ ಎರಡರಷ್ಟು ಕಾಳು ಕಕ್ಕಿಸಿದರು. ಏರಿ ನಿಲ್ಲುವವರೆಗೆ ಮಣ್ಣು ಹೊರಿಸಿದರು. ಅಷ್ಟು ದಿನವೂ ನಾಯಿ ಬಾಲ ಅಲ್ಲಾಡಿಸುತ್ತ ಅವನ ಹಿಂದೆಯೇ ತಿರುಗಿತು.

ಗೌಡ ತಾನೇ ಕಾಳಿನ ಮೂಟೆ ಹೊತ್ತು ಬುಟ್ಟಿಯವಳ ಬಾಗಿಲಿಗೆ ಹೋದ. “ತಪ್ಪಾಯ್ತಮ್ಮ. ಆ ಹಾಳು ನಾಯಿ...”

“ನಾಯಿಗ್ಯಾಕೆ ಬೈತೀರಿ ಗೌಡ್ರೇ? ಅದು ಬೊಗಳ್ತು, ಅಷ್ಟೇ. ಹೆಸರು ಹೊಡೆದೋರು ನೀವಲ್ವಾ? ಇಷ್ಟು ದಿನ ನನ್ನ ಮಕ್ಕಳು ಏನು ತಿಂದ್ರು ಅಂತ ಕೇಳಿ ಮೊದಲು.”

ಶಿಷ್ಯ ನಡೆಯುವುದನ್ನು ನಿಲ್ಲಿಸಿದ. “ಅಂತೂ ಕಳ್ಳನಿಗೆ ದಂಡ ಬಿತ್ತಲ್ಲ ಗುರುಗಳೇ?”

“ಬಿತ್ತು. ಬೆಳಿಗ್ಗೆ ಅವಳನ್ನು ಎಬ್ಬಿಸಿದೆಯಲ್ಲ, ನೀನು ಯಾವ ನಾಯಿಯನ್ನು ಕೇಳಿದೆ?”