ಕರೆಗುಡ್ಡಕ್ಕೆ ಆ ಹೆಸರು ಬಂದ ಬಗೆ

ಹಳಿಯಾಳದಿಂದ ಪಶ್ಚಿಮಕ್ಕೆ, ಘಟ್ಟದ ಅಂಚಿನ ಕಾಡಿನಲ್ಲಿ ಕರೆಗುಡ್ಡ ಎಂಬ ಗುಡ್ಡವಿದೆ. ಸುತ್ತಲೂ ಮತ್ತಿ, ನಂದಿ ಮರಗಳು ಒತ್ತಾಗಿ ಬೆಳೆದಿದ್ದರೂ ಇದರ ನೆತ್ತಿ ಮಾತ್ರ ಬೋಳು ಬಂಡೆ. ಕಲ್ಲು ಕಪ್ಪಾಗಿರುವುದರಿಂದ ಹೊರಗಿನವರು ಕರಿಗುಡ್ಡ ಎನ್ನುವುದುಂಟು. ಊರಿನವರು ಅದನ್ನು ಒಪ್ಪುವುದಿಲ್ಲ. ಇದು ಕರಿಯ ಗುಡ್ಡವಲ್ಲ, ಕರೆದ ಗುಡ್ಡ ಎನ್ನುತ್ತಾರೆ. ಗುಡ್ಡದ ಬುಡದಲ್ಲಿ ಸಿದ್ದಿಗಳ ಕೇರಿಯೂ ಕುಣಬಿಗಳ ಕೇರಿಯೂ ಒಂದೇ ಬೇಲಿಯ ಎರಡು ಬದಿಗೆ ಇವೆ. ಈ ಕಥೆಯನ್ನು ಎರಡೂ ಕೇರಿಯ ಹಿರಿಯರು ಹೇಳುತ್ತಾರೆ.

ಹಿಂದೆ ಒಮ್ಮೆ, ಗೋವೆಯಲ್ಲಿ ಪರಂಗಿಗಳ ಆಳ್ವಿಕೆಯಿದ್ದ ಕಾಲದಲ್ಲಿ, ಆಫ್ರಿಕದಿಂದ ಹಡಗಿನಲ್ಲಿ ತಂದು ಮಾರಿದ ಜನರ ಮಕ್ಕಳು ಅಲ್ಲಿನ ಒಬ್ಬ ಧಣಿಯ ಮನೆಯಲ್ಲಿ ಗುಲಾಮರಾಗಿದ್ದರು. ಅವರಲ್ಲಿ ಲುಯ್ಜಿನ್ ಎಂಬ ಹೆಂಗಸು, ಅವಳ ತಮ್ಮ ಬಸ್ತ್ಯಾಂವ, ಅವನ ಹೆಂಡತಿ ಮರ್ಸೆಲಿನ್ ಇದ್ದರು. ಮರ್ಸೆಲಿನ್ ತುಂಬು ಬಸುರಿ. ಹುಟ್ಟುವ ಕೂಸನ್ನು ಮಾರುವುದಾಗಿ ಧಣಿ ಯಾರಿಗೋ ಮಾತು ಕೊಟ್ಟದ್ದು ಕಿವಿಗೆ ಬಿದ್ದ ದಿನವೇ ಲುಯ್ಜಿನ್ ಆ ಮನೆಯ ತನ್ನವರನ್ನೆಲ್ಲ ಕಟ್ಟಿಕೊಂಡು ಹೊರಟಳು. ಅಲ್ಲಿಂದ ಅವಳು ತಂದದ್ದು ತಾಯಿಯ ದಮಾಮಿಯೊಂದನ್ನೇ. ಆ ಚರ್ಮವಾದ್ಯವನ್ನು ಬಾರಿಸಕೂಡದೆಂದು ಧಣಿ ಕಟ್ಟಪ್ಪಣೆ ಮಾಡಿದ್ದನು. ಅವಳು ಅದನ್ನು ಹುಲ್ಲಿನ ಬಣವೆಯಲ್ಲಿ ಅಡಗಿಸಿಟ್ಟಿದ್ದಳು. ಘಟ್ಟ ಹತ್ತಿ ಹೊಳೆ ದಾಟುವಾಗ ಧಣಿಯ ಆಳುಗಳು ಬೆನ್ನಟ್ಟಿ ಬಂದರು. ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ಗುಡ್ಡದ ನೆತ್ತಿ ಸೇರಿದಾಗ ಮರ್ಸೆಲಿನ್ ಜೊತೆಯಲ್ಲಿರಲಿಲ್ಲ. ಬೆಳಗಿನ ಮಂಜಿನಲ್ಲಿ ಕೆಳಗಿನ ಕಾಡೇ ಕಾಣುತ್ತಿರಲಿಲ್ಲ. ಲುಯ್ಜಿನ್ ಬೆನ್ನಿನಿಂದ ದಮಾಮಿ ಬಿಚ್ಚಿದಳು.

"ಅಕ್ಕಾ, ಬಾರಿಸಬೇಡ," ಎಂದನು ಬಸ್ತ್ಯಾಂವ. "ಅವರಿಗೂ ಕಿವಿ ಇದೆ. ತಾನು ಹಿಂದುಳಿದರೆ ಕಾಯಬಾರದೆಂದು ಅವಳೇ ನನ್ನಿಂದ ಆಣೆ ಮಾಡಿಸಿದ್ದಾಳೆ."

"ಆಣೆ ಮಾಡಿದವನು ನೀನು, ನಾನಲ್ಲ. ಅವಳನ್ನು ಬಿಟ್ಟುಹೋದರೆ ನಾವು ಓಡಿಬಂದದ್ದು ಯಾತಕ್ಕೆ? ಕರೆಯುವುದು ನಮ್ಮ ಕೆಲಸ. ಅವಳ ಕಿವಿಗೆ ಮುಟ್ಟಿಸುವುದು ದೇವರದು, ನಮ್ಮ ಹಿರಿಯರದು."

ಅವಳು ಬಾರಿಸಿದಳು. ಧಣಿಯ ಅಂಗಳದಲ್ಲಿ ಅದುಮಿಟ್ಟ ಸದ್ದೆಲ್ಲ ಅಂದು ಆ ಬಂಡೆಯ ಮೇಲೆ ಹೊರಬಿತ್ತು ಎನ್ನುತ್ತಾರೆ. ಬಹಳ ಹೊತ್ತಿನ ಮೇಲೆ ಮರ್ಸೆಲಿನ್ ಮರದಿಂದ ಮರಕ್ಕೆ ಕೈಯೂರುತ್ತ ಮಂಜಿನೊಳಗಿಂದ ಬಂದಳು. ಅವಳ ಹಿಂದೆಯೇ ಕತ್ತಿ ಹಿರಿದ ಆಳುಗಳೂ ಬಂದರು. ಬಸ್ತ್ಯಾಂವ ಹೆಂಡತಿಗೆ ಅಡ್ಡವಾಗಿ ನಿಂತನು. ಉಳಿದವರು ಕಲ್ಲು ಎತ್ತಿಕೊಂಡರು. ಲುಯ್ಜಿನ್ ಮಾತ್ರ ಕೈ ನಿಲ್ಲಿಸಲಿಲ್ಲ. ಅಷ್ಟರಲ್ಲಿ ಗುಡ್ಡದ ಇನ್ನೊಂದು ಮಗ್ಗುಲಿನಿಂದ, ಕಾಡಿನಲ್ಲಿ ಯಾರಿಗೋ ಆಪತ್ತು ಬಂದಿದೆಯೆಂದು ಬಗೆದು, ಕುಣಬಿ ಕೇರಿಯ ಜನರೆಲ್ಲ ಕೊಡಲಿ ಹಿಡಿದು ಮೇಲೆ ಬಂದರು. ಅವರ ಮುಂದಾಳು ಧಾಕು ಎಂಬ ಮುದುಕ.

"ಇವರು ನಮ್ಮ ಧಣಿಯ ಸೊತ್ತು," ಎಂದಿತು ಆಳುಗಳ ಗುಂಪು.

ಧಾಕು ಅವರತ್ತ ನೋಡಲಿಲ್ಲ. "ಯಾಕೆ ಬಾರಿಸಿದೆ, ಮಗಳೇ?" ಎಂದು ಲುಯ್ಜಿನ್‌ಳನ್ನು ಕೇಳಿದನು.

"ನಮ್ಮವರನ್ನು ಕರೆಯಲು, ಅಜ್ಜಾ."

ಮುದುಕ ಆಳುಗಳ ಕಡೆಗೆ ತಿರುಗಿದನು. "ಕೇಳಿದಿರಲ್ಲ? ಅವಳು ಕರೆದಳು, ನಾವು ಬಂದೆವು. ನಮ್ಮ ಅಜ್ಜಂದಿರೂ ಗೋವೆಯಿಂದ ತಪ್ಪಿಸಿಕೊಂಡು ಇದೇ ಘಟ್ಟ ಹತ್ತಿದವರು. ಇನ್ನು ಕೆಳಗಿಳಿಯಿರಿ."

ಎದುರಿಗೆ ಕೊಡಲಿ, ಪಕ್ಕದಲ್ಲಿ ಕಲ್ಲು. ಆಳುಗಳು ಬಂದ ದಾರಿಯಲ್ಲೇ ಇಳಿದುಹೋದರು, ಮತ್ತೆ ಘಟ್ಟ ಹತ್ತಲಿಲ್ಲ. ಮರ್ಸೆಲಿನ್ ಧಾಕುವಿನ ಮನೆಯ ಜಗಲಿಯಲ್ಲಿ ಹೆಣ್ಣುಮಗುವನ್ನು ಹೆತ್ತಳು. ಕೇರಿಯ ಸಿದ್ದಿಗಳೆಲ್ಲ ತಾವು ಆ ಮಗುವಿನ ಸಂತಾನ ಎಂದು ಹೇಳಿಕೊಳ್ಳುತ್ತಾರೆ.

ಇಂದು ನೆತ್ತಿಗೆ ಹತ್ತಿದವರಿಗೆ ಬಂಡೆಯ ಮೇಲೆ ಸಿದ್ದಿಗಳು ತಮ್ಮ ಹಿರಿಯರಿಗಾಗಿ ನಿಲ್ಲಿಸಿದ ಕಲ್ಲುಗಳ ಸಾಲು ಕಾಣುತ್ತದೆ. ಸಾಲಿನ ತುದಿಯಲ್ಲಿ ಒಂದು ಗುಂಡುಕಲ್ಲು ಬೇರೆಯಾಗಿದೆ, ಅದು ಧಾಕುವಿನದು. ವರ್ಷದ ಪೂಜೆಯಲ್ಲಿ ಸಿದ್ದಿಗಳು ಮೊದಲ ತೆಂಗಿನಕಾಯಿಯನ್ನು ಆ ಕಲ್ಲಿಗೇ ಒಡೆಯುತ್ತಾರೆ. ಅವರ ಸ್ವಂತ ಹಿರಿಯರ ಸರದಿ ಅದಾದ ಮೇಲೆ.