ಒಂದು ಬೆರಳು ಸರಿದ ಕೆಂಪು

ಒಂದಾನೊಂದು ಊರಿತ್ತಂತೆ. ಊರಿನ ಹೆಸರು ಕೇಳಬೇಡಿ. ಈ ಕಥೆ ನನಗೆ ಹೇಳಿದ ಅಜ್ಜಿಗೂ ಅದು ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಗೊತ್ತು ಅನ್ನುವ ಚಾಳಿ ನಮ್ಮ ಮನೆಯಲ್ಲಿಲ್ಲ.

ಆ ಊರಿನ ಹೊಳೆ ದಂಡೆಗೆ ಒಂದು ಕೇರಿ, ಅಚ್ಚುಗಾರರ ಕೇರಿ. ಕಟ್ಟಿಗೆಯಲ್ಲಿ ಹೂವು, ಬಳ್ಳಿ, ಗಿಳಿ ಕೆತ್ತುವುದು, ಆ ಅಚ್ಚನ್ನು ಬಣ್ಣದಲ್ಲಿ ಅದ್ದಿ ಬಟ್ಟೆಯ ಮೇಲೆ ಒತ್ತುವುದು, ಒತ್ತಿದ ಬಟ್ಟೆಯನ್ನು ಹೊಳೆಯಲ್ಲಿ ಜಾಲಿಸುವುದು, ಇಷ್ಟೇ ಅವರ ಬದುಕು. ಬೆಳಗಾದರೆ ಕೇರಿಯ ತುಂಬ ಧಪ್, ಧಪ್, ಧಪ್. ಈ ಧಪ್ಪುಗಳ ನಡುವೆ ಎಷ್ಟು ಜಾಗ ಉಳಿಯುತ್ತದೋ ಅಷ್ಟರಲ್ಲಿ ಅವರ ಮಾತುಕತೆ. ಹಾಗಾಗಿ ಆ ಕೇರಿಯವರು ಎಲ್ಲಿ ಹೋದರೂ ಎರಡು ಮಾತಾಡಿ ಒಂದು ಗಳಿಗೆ ನಿಲ್ಲುತ್ತಿದ್ದರಂತೆ. ಕೇಳಿದವರು, ಪಾಪ, ಬಹಳ ವಿಚಾರ ಮಾಡಿ ಮಾತಾಡುವ ಜನ ಅಂದುಕೊಳ್ಳುತ್ತಿದ್ದರು.

ಕೇರಿಯಲ್ಲಿ ಒಂದು ಕಟ್ಟಳೆ ಇತ್ತು. ಒಂದು ಹೂವಿಗೆ ಎರಡು ಅಚ್ಚು. ಕಪ್ಪು ಗೆರೆ ಎಳೆಯುವ ಅಚ್ಚು ಒಂದು ಮನೆಯಲ್ಲಿ, ಗೆರೆಯ ಒಳಗೆ ಕೆಂಪು ತುಂಬುವ ಅಚ್ಚು ಎದುರು ಮನೆಯಲ್ಲಿ. ಒಬ್ಬರ ಮನೆಯ ಅಚ್ಚನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಗೆರೆ ಒತ್ತಿದ ಬಟ್ಟೆ ಒಣಗುವಾಗ ತುಸು ಜಗ್ಗುತ್ತದೆ, ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಎಲ್ಲಿ ಎಷ್ಟು ಜಗ್ಗಿತು ಅನ್ನುವುದು ಗೆರೆ ಒತ್ತಿದ ಕೈಗೇ ಗೊತ್ತು. ಗೆರೆ ಮನೆಯವರು ತಮ್ಮ ಕಟ್ಟೆಯಿಂದ ಕೂಗಿ ಹೇಳಬೇಕು, ಎದುರು ಮನೆಯವರು ಕೇಳಿಸಿಕೊಂಡು ಕೆಂಪು ಇಡಬೇಕು. ಮಾತಿಲ್ಲದಿದ್ದರೆ ಹೂವಿಲ್ಲ.

ಕೇರಿಯ ನಡುವೆ ಗೆರೆ ಮನೆ ಬಾಳಪ್ಪನದು. ಎದುರಿನ ಕೆಂಪು ಮನೆ ಅವನ ತಂಗಿ ಸಾತವ್ವನದು. ಅಣ್ಣನಿಗೊಬ್ಬ ಮಗಳು, ತುಂಗವ್ವ. ತಂಗಿಗೊಬ್ಬ ಮಗ, ಫಕೀರಪ್ಪ. ಇಬ್ಬರಿಗೂ ಮದುವೆ ಅಂತ ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ದೊಡ್ಡವರಾದ ಮೇಲೆ ಅವರಿಗೂ ಅದು ಬಹಳ ಒಪ್ಪಿಗೆಯಾಗಿತ್ತು, ಕೇರಿಗೆಲ್ಲ ತಿಳಿಯುವಷ್ಟು. ಬಾಳಪ್ಪ ಮಗಳ ಧಾರೆ ಸೀರೆಗೆ ಗೆರೆ ಒತ್ತಿ ಮುಗಿಸಿದ್ದ. ಸಾತವ್ವ ಕೆಂಪು ತುಂಬುವುದೊಂದು ಬಾಕಿ.

ಅಷ್ಟರಲ್ಲಿ ರಾಜನ ಅರಮನೆಯಿಂದ ಹೇಳಿಕೆ ಬಂತು, ರಾಣಿಗೆ ಒಂದು ಸೀರೆ ಬೇಕು, ಬೇಗ ಬೇಕು. ಅಣ್ಣ ತಂಗಿ ಆ ಕೆಲಸ ಹಿಡಿದರು. ಮೊದಲ ದಿನವೇ ಬಾಳಪ್ಪ ತನ್ನ ಕಟ್ಟೆಯಿಂದ ಕೂಗಿದನಂತೆ:

"ತಂಗೀ, ನಿನ್ನ ಕೆಂಪು ಯಾಕೋ ಸಪ್ಪಗ ಆಗೈತಿ."

ಸಾತವ್ವ ಅಚ್ಚು ಕೆಳಗಿಟ್ಟಳು. "ಕೆಂಪು ಸಪ್ಪಗಿಲ್ಲಣ್ಣಾ. ನಿನ್ನ ಗೆರಿ ದಪ್ಪ ಆಗ್ಯಾವು. ಕಣ್ಣು ಮಂಜಾದವಂದ್ರ ಮಗಳ ಕೈಗೆ ಅಚ್ಚು ಕೊಟ್ಟು ಒಳಗ ಕುಂದ್ರಬೇಕು."

ಇದು ಇಡೀ ಕೇರಿಯ ಮುಂದೆ. ಅದೂ ಹೇಗೆ, ಆಗ ಯಾರೂ ಧಪ್ ಅನ್ನಿಸುತ್ತಿರಲಿಲ್ಲ, ಹಾಗಾಗಿ ಒಂದಕ್ಷರವೂ ತಪ್ಪದೆ ಎಲ್ಲರಿಗೂ ಕೇಳಿಸಿತು.

ಅಂದಿನಿಂದ ಅಣ್ಣ ತಂಗಿಯ ಮಾತು ಬಂದ್. ಮದುವೆಯೂ ಬಂದ್. ತುಂಗವ್ವನ ಧಾರೆ ಸೀರೆ ಜಂತಿಗೆ ನೇತುಬಿತ್ತು, ಹೂವೆಲ್ಲ ಬರೀ ಗೆರೆ, ಒಳಗೆ ಖಾಲಿ. ಅದನ್ನು ನೋಡಿದಾಗೆಲ್ಲ ಆ ಹುಡುಗಿಗೆ ಸಂಕಟವಾಗುತ್ತಿತ್ತು. ನೋಡದೆ ಇರಲು ಬೇರೆ ಕೋಣೆ ಆ ಮನೆಯಲ್ಲಿರಲಿಲ್ಲ.

ರಾಣಿಯ ಸೀರೆಯನ್ನು ಮಾತ್ರ ನಿಲ್ಲಿಸುವಂತಿಲ್ಲ. ಬಾಳಪ್ಪ ಗೆರೆ ಒತ್ತುವುದು, ಅವರ ತಾಯಿ ಗೌರಾಯಿ ಅದನ್ನು ತಲೆಯ ಮೇಲೆ ಹೊತ್ತು ಓಣಿ ದಾಟಿ ಮಗಳ ಮುಂದೆ ಇಡುವುದು. ಎಡಕ್ಕೆ ಜಗ್ಗಿತೋ ಬಲಕ್ಕೆ ಜಗ್ಗಿತೋ ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಅಣ್ಣ ಅಚ್ಚು ಒತ್ತುವ ಸದ್ದೂ ಕಿವಿಗೆ ಬೀಳಬಾರದು ಅಂತ ಸಾತವ್ವ ಅದೇ ಹೊತ್ತಿಗೆ ಖಾರ ಕುಟ್ಟುತ್ತಿದ್ದಳು. ಕೆಂಪು ಗೆರೆಯೊಳಗೆ ಬೀಳಲಿಲ್ಲ. ಒಂದು ಹೂವಿನಲ್ಲಿ ಒಂದು ಬೆರಳು ಎಡಕ್ಕೆ ಸರಿಯಿತು, ಇನ್ನೊಂದರಲ್ಲಿ ಮೇಲಕ್ಕೆ, ಮತ್ತೊಂದರಲ್ಲಿ ಓರೆಯಾಗಿ.

ಸೀರೆ ಅರಮನೆಗೆ ಹೋಯಿತು. ಮಾರನೆಯ ದಿನವೇ ಅಣ್ಣ ತಂಗಿ ಇಬ್ಬರಿಗೂ ಕರೆ ಬಂತು. ಒಂದೇ ದಾರಿಯಲ್ಲಿ ಅವನು ಮುಂದೆ, ಇವಳು ಹಿಂದೆ ನಡೆದರು.

ರಾಜ ಸೀರೆಯನ್ನು ಎತ್ತಿ ಹಿಡಿದು ಕೇಳಿದನಂತೆ: "ಇದನ್ನ ಯಾರು ಮಾಡಿದ್ದು?"

ಸಾತವ್ವ ಮುಂದೆ ಬಂದಳು. "ತಪ್ಪು ನಂದ್ರಿ ಒಡೆಯಾ. ಕೆಂಪು ಇಟ್ಟಾಕಿ ನಾನು. ನಮ್ಮಣ್ಣನ ಗೆರಿ ಚಲೋ ಅದಾವ. ಈ ರಾಜ್ಯದಾಗ ಅಂಥಾ ಗೆರಿ ಯಾರೂ ಎಳಿಯೂದಿಲ್ಲ."

ಬಾಳಪ್ಪ ಅವಳನ್ನು ಹಿಂದಕ್ಕೆ ಸರಿಸಿದ. "ಆಕಿದಲ್ರಿ, ನಂದು. ಬಟ್ಟಿ ಹೆಂಗ ಜಗ್ಗೇತಿ ಅಂತ ಹೇಳಾವ ನಾನು. ಹೇಳಲಿಲ್ಲ. ತಲಿ ಹೋಗೂದಿದ್ರ ನಂದು ಹೋಗಲಿ."

ಅಲ್ಲಿಗೆ ಇಬ್ಬರೂ ಅತ್ತರು. ಜಗಳ ರಾಜನ ಎದುರಿನಲ್ಲೇ ಕರಗಿಹೋಯಿತು. ಅತ್ತು ಮುಗಿಯುವ ತನಕ ರಾಜ ಕಾದ, ಆಮೇಲೆ ಹೇಳಿದ:

"ತಲೆ ಯಾರಿಗೆ ಬೇಕಾಗಿದೆ? ರಾಣಿಗೆ ಈ ಸೀರೆ ಬಹಳ ಮನಸ್ಸಿಗೆ ಬಂದಿದೆ. ಹೂವು ಗಾಳಿಗೆ ಅಲ್ಲಾಡಿದ ಹಾಗೆ ಕಾಣುತ್ತದಂತೆ. ದಸರೆಯೊಳಗೆ ಅಂತಃಪುರಕ್ಕೆಲ್ಲ ಇಂಥವೇ ಬೇಕು. ಇದಕ್ಕಿಂತ ನೆಟ್ಟಗೆ ಬಂದರೆ ನಿಮ್ಮ ಕೇರಿಯವರೆಲ್ಲ ಹೊಳೆ ದಂಡೆ ಬಿಟ್ಟು ಹೋಗಬೇಕಾಗುತ್ತದೆ."

ಅಣ್ಣ ತಂಗಿ ಕಣ್ಣೊರೆಸಿಕೊಂಡು ಊರಿಗೆ ಬಂದರು. ಬಂದವರೇ ಮೊದಲು ತುಂಗವ್ವನ ಧಾರೆ ಸೀರೆ ಇಳಿಸಿ ಕೆಂಪು ತುಂಬಿದರು. ಹೂವು ಹೂವಿನಲ್ಲೂ ಕೆಂಪು ಗೆರೆಗೆ ತಾಗಿ ನಿಂತಿತು, ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. ಹುಡುಗಿ ಅದನ್ನು ಎದೆಗೆ ಒತ್ತಿಕೊಂಡಳು. ಗೌರಾಯಿ ಮಾತ್ರ ನೋಡಿ ನಿಟ್ಟುಸಿರು ಬಿಟ್ಟಳಂತೆ. "ಕೆಲಸ ಕೆಟ್ಟಿತು," ಅಂದಳು.

ಕೆಟ್ಟೇ ಹೋಯಿತು. ಅಂತಃಪುರದ ಸೀರೆಗಳಿಗೆ ಕೈ ಹಾಕಿದರೆ ಅವೂ ನೆಟ್ಟಗೇ ಬಂದವು. ಅಳತೆ ದಾರ ಹಿಡಿದು ಬೇಕಂತಲೇ ಒಂದು ಬೆರಳು ಸರಿಸಿ ಒತ್ತಿದರು. ಎಲ್ಲ ಹೂವೂ ಒಂದೇ ಕಡೆಗೆ, ಒಂದೇ ಅಳತೆಗೆ ಸರಿದು ನಿಂತವು. ಅದನ್ನು ನೋಡಿ ರಾಣಿ, ಇವು ಗಾಳಿಗೆ ಅಲ್ಲಾಡುತ್ತಿಲ್ಲ, ದಂಡಿನ ಆಳುಗಳ ಹಾಗೆ ಸಾಲು ಹಿಡಿದಿವೆ ಅಂದಳಂತೆ.

ರಾಜ ತನ್ನ ಕಾರಭಾರಿಯನ್ನು ಕೇರಿಗೆ ಕಳಿಸಿದ. ಕಾರಭಾರಿ ಅಂದರೆ ಅರಮನೆಯ ಎಲ್ಲ ಕೆಲಸ ನೋಡಿಕೊಳ್ಳುವವನು. ಒಳ್ಳೆಯವನೇ, ಆದರೆ ಕೊಟ್ಟ ಕೆಲಸ ಮಾಡಿಯೇ ತೀರುವವನು. ಜಗಳದಿಂದ ಬಂದ ಸೀರೆ ಇದು ಅಂತ ವಿಚಾರಿಸಿ ತಿಳಿದುಕೊಂಡ. ತಿಳಿದವನೇ ಓಣಿಯ ನಡುವೆ ಮಂಚ ಹಾಕಿಸಿ ಕೂತ, ಡಂಗುರ ಹೊಡೆಸಿದ: ಅಣ್ಣ ತಂಗಿ ಮಾತಾಡಕೂಡದು. ಮದುವೆ ಮಾಡಕೂಡದು, ಮಾಡಿದರೆ ಮಾತಾಡಬೇಕಾಗುತ್ತದೆ.

ಮಾತು ನಿಂತಿತು. ಬಾಳಪ್ಪ ಧಪ್ ಅಂತ ಒತ್ತಿದರೆ ಸಾತವ್ವನಿಗೆ ತಿಳಿಯುತ್ತಿತ್ತು, ಇವತ್ತು ಅಣ್ಣನ ಕೈ ಭಾರ, ಬಟ್ಟೆ ಬಲಕ್ಕೆ ಜಗ್ಗಿದೆ. ಕೆಂಪು ಗೆರೆಯೊಳಗೇ ಬಿತ್ತು. ಕಾರಭಾರಿ ಅವಳ ಕಿವಿಗೆ ಹತ್ತಿ ತುಂಬಿಸಿದ. ಆಗಲೂ ಗೆರೆಯೊಳಗೇ ಬಿತ್ತು.

"ಕೇಳಿಸಲಿಲ್ಲಲ್ಲ, ಮತ್ತ ಹೆಂಗ ಇಟ್ಟಿ?" ಅಂತ ಕಾರಭಾರಿ ಕೇಳಿದ.

"ನಾ ಏನ್ ಮಾಡ್ಲಿರಿ," ಅಂದಳು ಸಾತವ್ವ, "ಮನಸ್ಸಿನಾಗ ಸಿಟ್ಟಿಲ್ಲ."

ಸಿಟ್ಟು ಬರಿಸಲು ಕಾರಭಾರಿ ತಾನೇ ಚಾಡಿ ಹೇಳತೊಡಗಿದ. ಈ ಕಟ್ಟೆಗೆ ಬಂದು, "ನಿನ್ನ ತಂಗಿ ನಿನ್ನನ್ನ ಕುರುಡ ಅಂದಳು," ಅನ್ನುತ್ತಿದ್ದ. "ಖರೇನ ಐತ್ರಿ, ಕಣ್ಣು ಮಂಜಾಗ್ಯಾವ," ಅನ್ನುತ್ತಿದ್ದ ಬಾಳಪ್ಪ. ಆ ಕಟ್ಟೆಗೆ ಹೋಗಿ, "ನಿನ್ನ ಅಣ್ಣ ನಿನ್ನ ಕೆಂಪು ಸಪ್ಪಗೆ ಅಂದ," ಅನ್ನುತ್ತಿದ್ದ. "ಬಣ್ಣಕ್ಕ ಮಡ್ಡಿ ಬೇರು ಕಡಿಮಿ ಬಿದ್ದಿತ್ರಿ, ಅಂವ ಹೇಳಿದ್ದು ಚಲೋ ಆತು," ಅನ್ನುತ್ತಿದ್ದಳು ಸಾತವ್ವ. ಅರಮನೆಯಲ್ಲಿ ದೊಡ್ಡ ದೊಡ್ಡ ಜಗಳ ಹಚ್ಚಿದ ಕಾರಭಾರಿಗೆ ಈ ಓಣಿಯಲ್ಲಿ ಒಂದು ಕಿಡಿಯೂ ಹತ್ತಲಿಲ್ಲ.

ದಸರೆ ಹತ್ತಿರ ಬಂತು. ತುಂಗವ್ವ ಇದನ್ನೆಲ್ಲ ನೋಡುತ್ತಾ ಇದ್ದಳು. ಧಾರೆ ಸೀರೆ ತುಂಬಿದೆ, ಮದುವೆ ಇಲ್ಲ. ಸೀರೆ ಖಾಲಿಯಿದ್ದಾಗಿನ ಸಂಕಟಕ್ಕಿಂತ ಇದು ಹೆಚ್ಚಾಗಿತ್ತು. ಒಂದು ದಿನ ಕಾರಭಾರಿಗೆ ಮಜ್ಜಿಗೆ ತಂದುಕೊಟ್ಟು ಅಲ್ಲೇ ನಿಂತಳು.

"ಸಾಹೇಬ್ರ, ಒಂದು ಮಾತು ಕೇಳಲೇನ್ರಿ?"

"ಕೇಳವಾ."

"ಅಣ್ಣ ತಂಗಿ ಜಗಳ ಎಷ್ಟು ದಿನ ಬಾಳಿಕಿ ಬರತೈತ್ರಿ? ಒಂದು ಹಬ್ಬ ಬಂದ್ರ ಮುಗೀತು. ಬೀಗರ ಜಗಳ ಹಂಗಲ್ಲ. ನನ್ನ ಮದುವಿ ಮಾಡಸ್ರಿ. ನಮ್ಮಪ್ಪ, ನಮ್ಮತ್ತಿ ಬೀಗರಾಗ್ತಾರ. ಊಟದ ಪಂಕ್ತಿಯೊಳಗ ಶುರುವಾದ್ರ ಸಾಯೂತನಕ ನಡೀತೈತಿ. ನಿಮಗ ದಸರಿಗೊಂದ ಅಲ್ಲ, ಜೀವಮಾನಕ್ಕಾಗುವಷ್ಟು ಸೀರಿ ಆಗ್ತಾವ."

ಕಾರಭಾರಿಗೆ ತನ್ನ ಬೀಗರ ನೆನಪಾಯಿತು. ಅವರ ಜೊತೆ ಮಾತು ಬಿಟ್ಟು ಎಷ್ಟು ವರ್ಷವಾಯಿತು ಅಂತ ಯೋಚಿಸಿದ. ಮಜ್ಜಿಗೆ ಕುಡಿದು ಮುಗಿಸಿ, "ಹುಡುಗಿ ಹೇಳೂದು ಬರೋಬ್ಬರಿ ಐತಿ," ಅಂದವನೇ ಮದುವೆಗೆ ಅಪ್ಪಣೆ ಕೊಟ್ಟುಬಿಟ್ಟ.

ಮದುವೆಯ ದಿನ ಇಡೀ ಕೇರಿ ಜಗಳಕ್ಕೆ ಕಾದು ಕೂತಿತ್ತಂತೆ. ಅಂಥ ಮದುವೆ ಅದಕ್ಕೂ ಮುಂಚೆ ಆಗಿಲ್ಲ, ಆಮೇಲೂ ಆಗಿಲ್ಲ. ಕಾರಭಾರಿ ಮುಂದಿನ ಸಾಲಿನಲ್ಲೇ ಕೂತಿದ್ದ. ಮದುವೆ ಗಂಡಿನ ಮನೆಯಲ್ಲಿ, ಬೀಗನಾಗಿ ಬಂದ ಬಾಳಪ್ಪನ ಕಾಲಿಗೆ ನೀರು ಕೊಡುವುದು ತಡವಾಯಿತು. ಎಲ್ಲರೂ ಉಸಿರು ಹಿಡಿದರು. "ನೆರಳಿನಾಗ ಕುಂತೀವಿ, ಅವಸರ ಏನೈತಿ," ಅಂದ ಬಾಳಪ್ಪ. ಕಾರಭಾರಿ ಅಡಿಗೆಯವನಿಗೆ ಹೇಳಿ ಪಾಯಸಕ್ಕೆ ಉಪ್ಪು ಹಾಕಿಸಿದ. ಬಾಳಪ್ಪ ಬಟ್ಟಲು ನೆಕ್ಕಿ ಇನ್ನಷ್ಟು ಹಾಕಿಸಿಕೊಂಡ. ಕೊನೆಗೆ ಕಾರಭಾರಿಯೇ ಬಾಯಿ ಬಿಟ್ಟ, "ಹೆಣ್ಣಿನ ತಂದೀನ ಎರಡನೇ ಪಂಕ್ತಿಗೆ ಕುಂದ್ರಿಸ್ಯಾರಲ್ಲಪಾ ನಿನ್ನ, ಏನೂ ಅನಸೂದಿಲ್ಲೇನು?"

"ಎಲ್ಲಿ ಕುಂತರೂ ನಮ್ಮ ತಂಗಿ ಮನೀನ ಅಲ್ಲೇನ್ರಿ," ಅಂದ ಬಾಳಪ್ಪ.

ಮದುವೆ ಒಂದು ಕೊಂಕೂ ಇಲ್ಲದೆ ಮುಗಿಯಿತು. ಕೇರಿಯವರು ಮುಖ ಬಾಡಿಸಿಕೊಂಡು ಎದ್ದರು. ಗಾಡಿಗೆ ಏನೇನು ಹೇರಬೇಕು, ಹೊಳೆಯಿಲ್ಲದ ಊರಲ್ಲಿ ಬಟ್ಟೆ ಎಲ್ಲಿ ಜಾಲಿಸಬೇಕು ಅಂತ ಮಾತಾಡುತ್ತಾ ಮನೆಗೆ ಹೋದರು.

ಆ ಕೇರಿಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಗಂಡುಮಕ್ಕಳಿಲ್ಲದ ಮನೆಯಿಂದ ಮದುವೆಯಾಗಿ ಹೋಗುವ ಹೆಣ್ಣಿನ ಜೊತೆ ಅವಳ ತವರಿನ ಅಚ್ಚೂ ಗಂಡನ ಮನೆಗೆ ಹೋಗಬೇಕು. ತುಂಗವ್ವನ ಜೊತೆ ಗೆರೆಯ ಅಚ್ಚು ಓಣಿ ದಾಟಿತು. ಮಾರನೆಯ ಬೆಳಿಗ್ಗೆ ಹಿರಿಯರಿಗೆ ಏಳಲು ಮನಸ್ಸೇ ಇರಲಿಲ್ಲ. ಹೊಸ ಗಂಡ ಹೆಂಡತಿಯೇ ಬಟ್ಟೆ ಹಾಸಿದರು. ಅವಳು ಗೆರೆ ಒತ್ತಬೇಕು, ಒಣಗಿದ ಮೇಲೆ ಅವನು ಕೆಂಪು ಇಡಬೇಕು. ಒಂದೇ ಹಲಗೆ, ಅತ್ತ ಅವಳು, ಇತ್ತ ಅವನು.

ಕಾರಭಾರಿ ಬಾಗಿಲಲ್ಲಿ ನಿಂತು ತಲೆ ಮೇಲೆ ಕೈ ಹೊತ್ತ. ಎದುರು ಮನೆಯಲ್ಲಿದ್ದಾಗಲೇ ನೆಟ್ಟಗೆ ಬರುತ್ತಿತ್ತು, ಇನ್ನು ಒಂದೇ ಹಲಗೆಗೆ ಕೂತರೆ ಕೇಳಬೇಕೇ ಅಂದುಕೊಂಡ.

ಆದರೆ ಬಟ್ಟೆ ಹೇಗೆ ಜಗ್ಗಿದೆ ಅಂತ ತುಂಗವ್ವ ಹೇಳಲು ಮರೆತಳು. ಫಕೀರಪ್ಪ ಕೇಳಲು ಮರೆತ. ಅವನು ಅಚ್ಚನ್ನು ಬಣ್ಣದಲ್ಲಿ ಅದ್ದುತ್ತಿದ್ದ, ಹೆಂಡತಿಯ ಮುಖ ನೋಡುತ್ತಿದ್ದ, ಧಪ್ ಅಂತ ಒತ್ತುತ್ತಿದ್ದ. ಅವಳು ಅವನು ನೋಡುವುದನ್ನು ನೋಡುತ್ತಿದ್ದಳು. ಬಟ್ಟೆಯನ್ನು ಮಾತ್ರ ಯಾರೂ ನೋಡಲಿಲ್ಲ. ಒಂದು ಹೂವಿನಲ್ಲಿ ಕೆಂಪು ಒಂದು ಬೆರಳು ಎಡಕ್ಕೆ ಸರಿಯಿತು, ಇನ್ನೊಂದರಲ್ಲಿ ಮೇಲಕ್ಕೆ, ಮತ್ತೊಂದರಲ್ಲಿ ಓರೆಯಾಗಿ.

ಕಾರಭಾರಿ ಬಗ್ಗಿ ನೋಡಿದ. ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ಸೀರೆಯನ್ನು ಅರಮನೆಗೆ ಓಡಿಸಿದ. ಗಾಳಿ ಮೊದಲಿಗಿಂತ ತುಸು ಜೋರಾಗಿದೆ, ಆದರೂ ಅಡ್ಡಿಯಿಲ್ಲ ಅಂತ ರಾಣಿಯಿಂದ ಹೇಳಿಕೆ ಬಂತು. ದಸರೆಯೊಳಗೆ ಅಂತಃಪುರದ ಸೀರೆಗಳೆಲ್ಲ ಮುಗಿದವು. ಹೊಳೆ ದಂಡೆ ಕೇರಿಗೇ ಉಳಿಯಿತು.

ಮಂಚ ಎತ್ತಿಸಿಕೊಂಡು ಹೊರಟ ಕಾರಭಾರಿಗೆ ಒಂದು ಚಿಂತೆ ಉಳಿದಿತ್ತು. ಕಟ್ಟೆಯ ಮೇಲೆ ಕೂತಿದ್ದ ಗೌರಾಯಿಯನ್ನು ಕೇಳಿದ:

"ಆಯೀ, ಇವರಿಬ್ಬರ ಈ ಪ್ರೀತಿ ಎಷ್ಟು ದಿನದ್ದು? ಮುಂದಿನ ವರ್ಷ ನಾ ಏನು ಮಾಡ್ಲಿ?"

ಗೌರಾಯಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಹಚ್ಚಿ ಮುಗಿಸಿ ಹೇಳಿದಳಂತೆ:

"ನೀ ಯಾಕ ಚಿಂತಿ ಮಾಡ್ತೀಯಪಾ. ಅದು ಇಳಿಯೂದ್ರಾಗ ಜಗಳ ಶುರುವಾಗಿರತೈತಿ. ಎರಡರಾಗೂ ಕೆಂಪು ಗೆರಿಯೊಳಗ ಬೀಳೂದಿಲ್ಲ. ನಡುವ ಒಂದು ದಿನ ಬರತೈತಿ, ಪ್ರೀತಿನೂ ಹದಾ, ಸಿಟ್ಟೂ ಹದಾ. ಅವತ್ತು ಒತ್ತಿದ್ದನ್ನ ಅರಮನಿಗೆ ಕಳಸೂದಿಲ್ಲ, ಅಷ್ಟ."

ಮುದುಕಿ ಹೇಳಿದ ಹಾಗೇ ಆಯಿತಂತೆ. ಕೆಲವು ವರ್ಷ ಅವರು ಒಬ್ಬರನ್ನೊಬ್ಬರು ನೋಡುತ್ತಾ ಒತ್ತಿದರು, ಕೆಲವು ವರ್ಷ ಮುಖ ತಿರುಗಿಸಿಕೊಂಡು ಒತ್ತಿದರು, ಅರಮನೆಗೆ ಎರಡರ ವ್ಯತ್ಯಾಸವೇ ತಿಳಿಯಲಿಲ್ಲ. ಅವರ ಕೈಯಿಂದ ನೆಟ್ಟಗೆ ಬಂದದ್ದು ಒಂದೇ ಬಟ್ಟೆ. ಅದರಲ್ಲಿ ಕೆಂಪು ಗೆರೆಗೆ ತಾಗಿ ನಿಂತಿತ್ತು. ತುಂಗವ್ವ ಅದನ್ನು ಯಾರಿಗೂ ಕೊಡದೆ ತನ್ನ ಮಗುವಿನ ತೊಟ್ಟಿಲಿಗೆ ಹಾಸಿದಳಂತೆ. ಅವತ್ತು ಬಾಳಪ್ಪ ಓಣಿ ದಾಟಿ ಬಂದು, ಮಂಜುಗಣ್ಣನ್ನು ಬಟ್ಟೆಗೆ ತಾಗುವಷ್ಟು ಹತ್ತಿರ ತಂದು ನೋಡಿ, ತಂಗಿಗೆ ಹೇಳಿದನಂತೆ: "ಕೆಂಪು ಸಪ್ಪಗಿಲ್ಲ."

ಅವರು ಅಲ್ಲಿ ಒತ್ತುತ್ತಾ ಉಳಿದರು, ನಾವು ಇಲ್ಲಿ ಉಡುತ್ತಾ ಉಳಿದೆವು, ಕಥೆ ಹೊಳೆಗೆ ಹೋಗಿ ಜಾಲಿಸಿಕೊಂಡು ದಂಡೆಯ ಮೇಲೆ ಒಣಗಿತು.