ಅಧ್ಯಕ್ಷರ ಪಡಸಾಲೆಯಲ್ಲಿ ಕಂಪ್ಯೂಟರ್ ಪಾಠ

ಊರಿನ ತರಬೇತಿ ಕೇಂದ್ರಕ್ಕೆ ನಾಲ್ಕು ಕಂಪ್ಯೂಟರ್ ಬಂದವು. ಮರುದಿನವೇ ಪಂಚಾಯಿತಿ ಅಧ್ಯಕ್ಷ ವಿರುಪಣ್ಣ ಅವನ್ನು ತನ್ನ ಮನೆಗೆ ಸಾಗಿಸಿದ.

"ತುಟ್ಟಿ ಸಾಮಾನು. ಹೆಣ್ಮಕ್ಕಳು ಮುಟ್ಟಿ ಕೆಡಿಸ್ತಾರ. ನನ್ನ ಪಡಸಾಲ್ಯಾಗ ಭದ್ರ ಇರ್ತಾವ," ಅಂದ.

ಕಲಿಯಲು ಕಾದಿದ್ದ ಹೆಂಗಸರ ಮುಖ ಸಣ್ಣದಾಯಿತು. ಕೇಂದ್ರದಲ್ಲಿ ಕಲಿಸುತ್ತಿದ್ದ ಹುಲಿಗೆಮ್ಮ ಮಾತ್ರ ಜಗಳಕ್ಕೆ ಹೋಗಲಿಲ್ಲ. "ಖರೆ ಹೇಳಿದ್ರಿ ಯಜಮಾನ್ರ. ಅಲ್ಲೇ ಇರ್ಲಿ," ಅಂದಳು. ಇಷ್ಟು ಸುಲಭಕ್ಕೆ ಮುಗಿಯಿತಲ್ಲ ಎಂದು ವಿರುಪಣ್ಣನಿಗೆ ಸಮಾಧಾನವಾಯಿತು.

ಮರುದಿನ ಬೆಳಗ್ಗೆ ಅವನು ಚಹಾ ಕುಡಿಯುತ್ತಿದ್ದಾಗ ಹೆಂಗಸರೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಪಡಸಾಲೆಯಲ್ಲಿ ಬಂದು ಕೂತರು. "ಕಂಪ್ಯೂಟರ್ ಇದ್ದಲ್ಲೇ ಪಾಠ ಅಲ್ಲೇನ್ರಿ," ಅಂದಳು ಹುಲಿಗೆಮ್ಮ. ಚುನಾವಣೆ ಹತ್ತಿರವಿತ್ತು. "ಎದ್ದು ಹೋಗ್ರಿ" ಅನ್ನಲು ಅವನಿಗೆ ಬಾಯಿ ಬರಲಿಲ್ಲ.

ಮಧ್ಯಾಹ್ನ ಕೇಂದ್ರದ ಹೊಲಿಗೆ ಮಷಿನ್‌ಗಳೂ ಬಂದವು. "ಹೊಲಿಗಿ ಕಲಿಸಾಕಿನೂ ನಾನ ಅಲ್ಲೇನ್ರಿ. ಎರಡೂ ಕಡೆ ಹ್ಯಾಂಗ ಇರ್ಲಿ?" ಅಂದಳು ಹುಲಿಗೆಮ್ಮ.

ಅವನ ಮಂಚದ ಮೇಲೆ ಬ್ಲೌಸಿನ ಬಟ್ಟೆ ಹರಡಿತು. ಹೆಂಡತಿ ಶರಣವ್ವ ಎಲ್ಲರಿಗೂ ಚಹಾ ಕೊಟ್ಟಳು. ಆಮೇಲೆ ತಾನೂ ಒಂದು ಕಂಪ್ಯೂಟರ್ ಮುಂದೆ ಕೂತಳು.

ವಾರ ತುಂಬುವ ಮೊದಲೇ ವಿರುಪಣ್ಣ ತಾನೇ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. "ಒಯ್ದುಬಿಡವ್ವ ಹುಲಿಗೆಮ್ಮ. ನನ್ನ ಮನ್ಯಾಗ ನನಗ ಕೂಡಾಕ ಜಾಗ ಇಲ್ಲ."

ಎಲ್ಲ ಏರಿಸಿದ ಮೇಲೆ ಶರಣವ್ವ ಸೆರಗು ಸಿಕ್ಕಿಸಿಕೊಂಡು ತಾನೂ ಹತ್ತಿ ಕೂತಳು.

"ನೀ ಎಲ್ಲಿಗೆ ಹೊಂಟಿ?" ಅಂದ ವಿರುಪಣ್ಣ.

"ನನ್ನ ಪಾಠ ಅರ್ಧಕ್ಕ ನಿಂತೈತ್ರಿ. ರೊಟ್ಟಿ ಬುಟ್ಟ್ಯಾಗ ಅದಾವ, ನೀವ ಬಡಿಸ್ಕೊಂಡು ಉಣ್ರಿ."